ಎರಡು ಕಳೆಯುವ ಲೆಕ್ಕ

ಯುಗಾದಿಗೆ ಮುಂಚೆ ನಮ್ಮ ಮನೆಯಲ್ಲಿ ಅಟ್ಟ ಇಳಿಸುವುದು ವಾಡಿಕೆ. ಅಟ್ಟ ಅಂದರೆ ದೊಡ್ಡದೇನೂ ಅಲ್ಲ. ವಿಜಯನಗರದ ಬಾಡಿಗೆ ಮನೆಗಳಲ್ಲಿ ಬಚ್ಚಲಿನ ನೆತ್ತಿಯ ಮೇಲೆ ಒಂದು ಗೂಡು ಬಿಟ್ಟಿರುತ್ತಾರಲ್ಲ, ಅದು. ಈ ಸಲ ಅದರೊಳಗಿಂದ ತಳ ಹೋದ ಮಿಕ್ಸಿ ಜಾರು, ಮಗಳ ಒಂಟಿ ಸ್ಕೇಟು, ಯಾರದೋ ಮದುವೆಯಲ್ಲಿ ಕೊಟ್ಟ ಗಡಿಯಾರ ಎಲ್ಲ ಇಳಿದ ಮೇಲೆ, ಹಳೇ ಟವಲಿನಲ್ಲಿ ಸುತ್ತಿದ್ದ ಒಂದು ಉದ್ದ ನೋಟ್‌ಬುಕ್ಕು ಇಳಿಯಿತು. ನೀಲಿ ರೆಕ್ಸಿನ್ ಹೊದಿಕೆ, ಚೌಕುಳಿ ಹಾಳೆ.

"ಇದನ್ನ ಪೇಪರ್ ಅಂಗಡಿಗೆ ಹಾಕ್ಲಾ?" ಅಂದಳು ಪದ್ಮ.

"ಬೇಡ, ಇಲ್ಲಿ ಕೊಡು."

"ಟವಲ್ ಸುತ್ತಿ ಇಟ್ಟಿದೀರಲ್ಲ, ಏನಿದೆ ಅಂಥಾದ್ದು?"

"ಕೆಲಸದ್ದು ಕಣೇ," ಅಂದೆ. ನನ್ನ ದನಿ ನನಗೇ ಕಳ್ಳನ ದನಿಯ ಹಾಗೆ ಕೇಳಿಸಿತು. ಯಾಕೆ ಅಂತ ಅವಳಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ಕೆಲಸ ಏನು ಅಂತ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಂಪ್ಯೂಟರ್ ರಿಪೇರಿ ಅಂದುಕೊಂಡು ಆಂಟಿಯರು ಪೆನ್‌ಡ್ರೈವ್ ತಂದುಕೊಡುತ್ತಾರೆ. ನಿಜವಾಗಿ ನಾನು ಕಾರ್ಖಾನೆಗಳಲ್ಲಿ ಯಂತ್ರ ಓಡಿಸುವ ಕಂಟ್ರೋಲರ್ ಎಂಬ ಪೆಟ್ಟಿಗೆಗೆ ಪ್ರೋಗ್ರಾಂ ಬರೆಯುವವನು. ಇಷ್ಟು ತೂಕ ಬಂದಾಗ ಬಾಗಿಲು ಮುಚ್ಚು, ಇಷ್ಟು ಕಾವು ಏರಿದಾಗ ಬೆಂಕಿ ತಗ್ಗಿಸು, ಇಂಥವು. ಬಸವೇಶ್ವರನಗರದ ಹಿಂಭಾಗದಲ್ಲಿ ಒಂದು ಶೆಡ್ಡು. ಅಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ.

ಈ ಪೆಟ್ಟಿಗೆಗೆ ಎರಡೂವರೆ ಅಂದರೆ ತಿಳಿಯುವುದಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು. ಹಾಗಾಗಿ ದಶಮಾಂಶದ ಸಂಖ್ಯೆಯನ್ನು ಮೂವತ್ತೆರಡು ಮನೆಗಳ ಒಂದು ಸಾಲಿನಲ್ಲಿ ಕೂರಿಸುತ್ತಾರೆ. ಒಂದು ಮನೆ ಧನವೋ ಋಣವೋ ಹೇಳುತ್ತದೆ. ಎಂಟು ಮನೆ ಸಂಖ್ಯೆ ಎಷ್ಟು ದೊಡ್ಡದು ಅಂತ ಹೇಳುತ್ತವೆ. ಉಳಿದವುಗಳಲ್ಲಿ ಅಂಕಿ. ಇಷ್ಟೇ ಆಗಿದ್ದರೆ ಚೆನ್ನಾಗಿತ್ತು. ಆದರೆ ಹಳೇ ಕಾಲದ ಕೆಲವು ಪೆಟ್ಟಿಗೆಗಳು ಈ ಮನೆಗಳನ್ನು ಒಂದು ಕ್ರಮದಲ್ಲಿ ಜೋಡಿಸಿದರೆ ಈಗಿನವು ಇನ್ನೊಂದು ಕ್ರಮದಲ್ಲಿ ಜೋಡಿಸುತ್ತವೆ. ರಾಜಾಜಿನಗರದಲ್ಲಿ ವಿಳಾಸ ಹುಡುಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರು ಮೊದಲು ಮೇನ್ ಹೇಳಿ ಆಮೇಲೆ ಕ್ರಾಸ್ ಹೇಳುತ್ತಾರೆ, ಇನ್ನೊಬ್ಬರು ಕ್ರಾಸ್ ಹೇಳಿ ಮೇನ್ ಹೇಳುತ್ತಾರೆ. ನೀವು ಚೀಟಿಯಲ್ಲಿ ಬರೀ 'ಹತ್ತು, ಮೂರು' ಅಂತ ಬರೆದುಕೊಂಡು ಹೋದಿರೋ, ಯಾರದೋ ಮನೆ ಬೆಲ್ ಒತ್ತಿ ಬೈಸಿಕೊಂಡು ಬರುತ್ತೀರಿ.

ಇದರ ಮೇಲೆ ಇನ್ನೊಂದು ಕಿತಾಪತಿ ಇದೆ. ದೊಡ್ಡದು ಚಿಕ್ಕದು ಹೇಳುವ ಆ ಎಂಟು ಮನೆಗಳಲ್ಲಿ ಹಳೇ ಪೆಟ್ಟಿಗೆ ಬರೆಯುವ ಸಂಖ್ಯೆ ಹೊಸದು ಬರೆಯುವುದಕ್ಕಿಂತ ಎರಡು ಹೆಚ್ಚು. ಅಲ್ಲಿ ಒಂದು ಹೆಚ್ಚಾದರೆ ಬೆಲೆ ಎರಡು ಪಟ್ಟು, ಎರಡು ಹೆಚ್ಚಾದರೆ ನಾಲ್ಕು ಪಟ್ಟು. ಆದ್ದರಿಂದ ಹಳೆಯದನ್ನು ಹೊಸದಕ್ಕೆ ತರುವಾಗ ಮನೆಗಳನ್ನೆಲ್ಲ ಹೊಂದಿಸಿ, ಆಮೇಲೆ ಮರೆಯದೆ ಎರಡು ಕಳೆಯಬೇಕು. ನನ್ನ ನೀಲಿ ಪುಸ್ತಕದಲ್ಲಿ ಇದು ಕೆಂಪು ಶಾಯಿಯಲ್ಲಿದೆ: 'ಎರಡು ಕಳೆ. ಮರೀಬೇಡ.'

ಇದನ್ನು ನಾನೇ ಕಂಡುಹಿಡಿದದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾಲ್ಕು ದಿನ ತಲೆ ಚಚ್ಚಿಕೊಂಡ ಮೇಲೆ, ಆಗ ಹಿರಿಯ ಇಂಜಿನಿಯರ್ ಆಗಿದ್ದ ನಂಜುಂಡಯ್ಯನವರು ನನ್ನನ್ನು ದರ್ಶಿನಿಗೆ ಕರೆದುಕೊಂಡು ಹೋಗಿ, ಬೈಟು ಕಾಫಿ ತೆಗೆದುಕೊಂಡು, ಬಸ್ ಟಿಕೆಟ್ಟಿನ ಹಿಂದೆ ಬರೆದು ತೋರಿಸಿದರು. "ಇದನ್ನ ಯಾರು ಕೇಳಿದ್ರೂ ಹೇಳ್ಕೊಡು," ಅಂದರು. "ಬಚ್ಚಿಟ್ರೆ ರುಚಿ ಹೆಚ್ಚಾಗೋಕೆ ಇದೇನು ಉಪ್ಪಿನಕಾಯಿ ಅಲ್ಲ ಕಣಯ್ಯ."

ನನ್ನ ಸ್ವಭಾವ ಅವರಿಗೆ ಆಗಲೇ ಗೊತ್ತಾಗಿತ್ತೇನೋ. ನಾನು ಚಿಕ್ಕಂದಿನಿಂದಲೂ ಹೀಗೆ. ನನ್ನ ಚಿಕ್ಕಪ್ಪನ ಮಗ ಸೀನ ಎರಡು ಬೆರಳು ಬಾಯಲ್ಲಿಟ್ಟು ಸಿಳ್ಳೆ ಹಾಕಿದರೆ ರಾಜಾಜಿನಗರದ ನಮ್ಮ ವಠಾರದ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ನಾನು ಎಷ್ಟು ಊದಿದರೂ ಬರುತ್ತಿದ್ದದ್ದು ಗಾಳಿ ಮತ್ತು ಎಂಜಲು. ವಠಾರದ ಹುಡುಗರೆಲ್ಲ ಅವನ ಹಿಂದೆ. ನನಗೆ ತಡೆಯಲಾಗಲಿಲ್ಲ. ಒಂದು ದಿನ ಅವನನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋಗಿ, "ಸಿಳ್ಳೆ ಹಾಕಿದ್ರೆ ಮನೆಗೆ ಹಾವು ಬರುತ್ತೆ ಕಣೋ, ಮೊದಲು ಬರೋದು ಅಮ್ಮ ಮಲಗೋ ಕೋಣೆಗೆ," ಅಂದೆ. ಸೀನನಿಗೆ ಅಮ್ಮ ಅಂದರೆ ಪ್ರಾಣ. ಅವನು ಅವತ್ತಿಗೆ ನಿಲ್ಲಿಸಿದ. ಈಗ ಅವನಿಗೂ ಐವತ್ತು ದಾಟಿದೆ. ಮೊನ್ನೆ ಮದುವೆಯೊಂದರಲ್ಲಿ ಯಾರೋ "ಏ ಸೀನ, ಒಂದು ಸಿಳ್ಳೆ ಹಾಕೋ" ಅಂದರೆ, ನಕ್ಕು ತಲೆಯಾಡಿಸಿ ಬಿಟ್ಟ. ನಾನು ಪಾಯಸ ಇರುವ ಕಡೆಗೆ ಹೋದೆ.

ಇರಲಿ, ನೀಲಿ ಪುಸ್ತಕ ಅಟ್ಟ ಸೇರಿದ್ದು ಸುವರ್ಣಾ ಅನ್ನುವವಳ ದೆಸೆಯಿಂದ, ಆ ವಿಷಯಕ್ಕೆ ಬರುತ್ತೇನೆ.

ಹೋದ ವರ್ಷ ನಮ್ಮ ಮಾಲೀಕರಾದ ಮೂರ್ತಿಯವರು ಆಕೆಯನ್ನು ಕೆಲಸಕ್ಕೆ ತೆಗೆದುಕೊಂಡರು. ಗದಗದ ಕಡೆಯವಳು, ಮೂವತ್ತೈದರ ಆಸುಪಾಸು; ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದ್ದರಿಂದ ಮೂಡಲಪಾಳ್ಯದಲ್ಲಿ ಮನೆ ಮಾಡಿದ್ದರು. ಮೂರು ತಿಂಗಳು ಪ್ರೊಬೇಷನ್. ಬಂದ ಮೊದಲ ವಾರವೇ ನನ್ನ ಹೊಟ್ಟೆಯಲ್ಲಿ ಏನೋ ಹೊತ್ತಿಕೊಂಡಿತು. ಪೆಟ್ಟಿಗೆಯೊಳಗಿನ ಸೊನ್ನೆ ಒಂದುಗಳ ಸಾಲನ್ನು ಆಕೆ ಕನ್ನಡ ಪೇಪರ್ ಓದುವಂತೆ ಓದುತ್ತಿದ್ದಳು. ನಾನು ಕ್ಯಾಲ್ಕ್ಯುಲೇಟರ್ ಹುಡುಕುವಷ್ಟರಲ್ಲಿ ಉತ್ತರ ಹೇಳಿ, ಮುಂದಿನದಕ್ಕೆ ಹೋಗಿರುತ್ತಿದ್ದಳು. ಮೂರ್ತಿಯವರು ಹದಿನೆಂಟು ವರ್ಷದಿಂದ ನನ್ನನ್ನು "ಏ ರಂಗಾ" ಅನ್ನುವವರು, ಆಕೆಯನ್ನು ಮೊದಲ ದಿನದಿಂದಲೇ "ಸುವರ್ಣಾ ಅವರೇ" ಅಂದರು.

ಊಟದ ಹೊತ್ತು ಇನ್ನೂ ಕಷ್ಟ. ಆಕೆಯ ಡಬ್ಬಿಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಎಣ್ಣೆಗಾಯಿ ಬದನೆಕಾಯಿ ಹೊರಬಂದರೆ ಶೆಡ್ಡಿಗೆ ಶೆಡ್ಡೇ ಅಲ್ಲಿ ಸೇರುತ್ತಿತ್ತು. ನನ್ನ ಚಿತ್ರಾನ್ನದ ಕಡೆ ಹದಿನೆಂಟು ವರ್ಷದಲ್ಲಿ ಒಬ್ಬರೂ ಕಣ್ಣೆತ್ತಿ ನೋಡಿರಲಿಲ್ಲ. "ತಗೋರಿ ಸರ," ಅಂತ ಆಕೆ ನನ್ನ ಮುಂದೆಯೂ ಡಬ್ಬಿ ಹಿಡಿದಳು. ತೆಗೆದುಕೊಂಡೆ. ರುಚಿಯಾಗಿತ್ತು. ಆ ರುಚಿಯ ಮೇಲೂ ಸಿಟ್ಟು ಬಂತು. ಎರಡನೇ ರೊಟ್ಟಿಯನ್ನೂ ಕೇಳಿ ತಿಂದೆ.

ಮನೆಯಲ್ಲಿ ದಿನಾ ಅದೇ ಪುರಾಣ. "ಇವತ್ತು ಆಯಮ್ಮ ಹಿಂಗಂದ್ಲು, ಇವತ್ತು ಆಯಮ್ಮನ್ನ ಮೂರ್ತಿ ಸಾರ್ ಹಂಗ್ ಹೊಗಳಿದ್ರು..."

ಪದ್ಮ ಒಂದು ದಿನ ತಡೆಯಲಾರದೆ ಕೇಳಿದಳು. "ನಿಮ್ಗೆ ಹೊಟ್ಟೆಕಿಚ್ಚೇನ್ರೀ?"

"ಹೊಟ್ಟೆಕಿಚ್ಚಲ್ಲ ಕಣೇ, ಗ್ಯಾಸ್ಟ್ರಿಕ್ಕು," ಅಂದೆ.

ಅವಳು ನನಗೆ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ನಂಬಿ ಕೊಟ್ಟಳೋ ನಂಬದೆ ಕೊಟ್ಟಳೋ ಇವತ್ತಿಗೂ ಗೊತ್ತಿಲ್ಲ.

ಹೀಗಿರುವಾಗ ಶ್ರೀಗಂಧದ ಕಾವಲಿನ ಆಚೆ, ಮಾಗಡಿ ರಸ್ತೆಯಲ್ಲಿರುವ ಒಂದು ಪಶು ಆಹಾರದ ಮಿಲ್ಲಿನ ಕೆಲಸ ಬಂತು. ಬೂಸ, ಹಿಂಡಿ, ಮೆಕ್ಕೆಜೋಳ, ಉಪ್ಪು ಇವನ್ನೆಲ್ಲ ಹಾಪರ್ ಎಂಬ ದೊಡ್ಡ ತಗಡಿನ ಆಲಿಕೆಯಲ್ಲಿ ತೂಕ ಮಾಡಿ ಬೆರೆಸುವ ಯಂತ್ರ. ಅದರ ಹಳೇ ಕಂಟ್ರೋಲರಿನ ಪರದೆ ಸತ್ತುಹೋಗಿತ್ತು. ಯಾವುದನ್ನು ಎಷ್ಟು ಬೆರೆಸಬೇಕು ಅನ್ನುವುದೆಲ್ಲ ಅದರ ಹೊಟ್ಟೆಯೊಳಗೇ ಇತ್ತು. ಅದನ್ನು ಹೊರತೆಗೆದು ಹೊಸ ಕಂಟ್ರೋಲರಿಗೆ ತುಂಬಬೇಕು. ಹಳೇ ಪೆಟ್ಟಿಗೆಯ ಹೆಸರು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಇದು ಅದೇ ಜಾತಿ. ಎರಡು ಕಳೆಯುವ ಜಾತಿ.

ಈ ಕೆಲಸ ನನಗೇ ಬರುತ್ತದೆ ಅಂದುಕೊಂಡಿದ್ದೆ. ಮೂರ್ತಿಯವರು ಆಕೆಗೆ ಕೊಟ್ಟರು. "ಸುವರ್ಣಾ ಅವರೇ ನೀವು ಮಾಡಿ. ರಂಗ ಜೊತೆಗಿರ್ತಾನೆ," ಅಂದರು. ಹದಿನೆಂಟು ವರ್ಷ ದುಡಿದವನು 'ಜೊತೆಗಿರ್ತಾನೆ'! ಅವತ್ತು ಸಂಜೆ ಮನೆಗೆ ಬಂದವನೇ ನೀಲಿ ಪುಸ್ತಕವನ್ನು ಬ್ಯಾಗಿನಿಂದ ತೆಗೆದು, ಹಳೇ ಟವಲು ಸುತ್ತಿ, ಅಟ್ಟಕ್ಕೆ ಎಸೆದೆ. ಆಕೆಯೇನು ನನ್ನ ಪುಸ್ತಕ ಕೇಳಿರಲಿಲ್ಲ. ಆದರೂ.

ಮನೆಗಳ ಕ್ರಮ ಬೇರೆ ಇದೆ ಅನ್ನುವುದನ್ನು ಆಕೆ ಒಂದೇ ಮಧ್ಯಾಹ್ನದಲ್ಲಿ ಹಿಡಿದಳು. ನನಗೆ ನಾಲ್ಕು ದಿನ ಆಗಿತ್ತು ಅಂದೆನಲ್ಲ. ನಾನು ಎದುರು ಮೇಜಿನಲ್ಲಿ ಕೂತು, ಮುರಿಯದ ಸ್ಕ್ರೂಡ್ರೈವರನ್ನು ರಿಪೇರಿ ಮಾಡುತ್ತಿದ್ದೆ. ಆದರೆ ಎರಡು ಕಳೆಯುವುದು ಆಕೆಗೆ ಹೊಳೆದಿರಲಿಲ್ಲ. ಪರದೆಯ ಮೇಲೆ ಬಂದ ಅಂಕಿಗಳನ್ನು ನೋಡಿ ಆಕೆಗೇ ಏನೋ ಅನುಮಾನ. ಕುರ್ಚಿ ತಿರುಗಿಸಿ ನನ್ನನ್ನು ಕೇಳಿದಳು.

"ಸರ, ಬೂಸಾ ನಾನೂರು ಕೇಜಿ ಅಂತ ಬರಾಕತ್ತೈತ್ರಿ. ಒಂದ್ ಸಲಕ್ಕ ಅಷ್ಟು ಹಾಕ್ತಾರೇನ್ರಿ ಅವ್ರು?"

ನೂರು. ಅದು ನೂರು ಅಂತ ನನಗೆ ಹಗಲಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. 'ಎರಡು ಕಳೀರಿ' ಅನ್ನುವುದಕ್ಕೆ ಒಂದು ಉಸಿರು ಸಾಕಿತ್ತು.

"ದೊಡ್ಡ ಮಿಲ್ಲಲ್ವೇನಮ್ಮಾ," ಅಂದೆ. "ಇರಬಹುದು."

ಆಕೆ ತಲೆಯಾಡಿಸಿ ತಿರುಗಿದಳು. ಹಿರಿಯರು ಹೇಳಿದ ಮೇಲೆ ಇರಬಹುದು ಅಂದುಕೊಂಡಳು. ನನಗೆ ಆ ಕ್ಷಣ, ಸುಳ್ಳು ಯಾಕೆ ಹೇಳಲಿ, ಬಿಸಿಲಲ್ಲಿ ನಡೆದು ಬಂದವನಿಗೆ ನೀರು ಸಿಕ್ಕ ಹಾಗಾಯಿತು. ಟ್ರಯಲ್ ದಿನ ಅಂಕಿ ತಪ್ಪಾಗಿ ಕಾಣುತ್ತದೆ, ಆಕೆ ಪೆಚ್ಚಾಗುತ್ತಾಳೆ, ನಾನು ಕೆಮ್ಮಿ ಮುಂದೆ ಬಂದು ಸರಿಮಾಡುತ್ತೇನೆ. ಇಷ್ಟೇ ನನ್ನ ಆಸೆ. ಅದಕ್ಕಿಂತ ಹೆಚ್ಚಿನ ಕೆಟ್ಟದ್ದನ್ನು ಬಯಸುವ ತಾಕತ್ತು ನನಗಿಲ್ಲ.

ಟ್ರಯಲ್ ದಿನ ಮಿಲ್ಲಿನ ಮಾಲೀಕರಾದ ಗೌಡರು ತೆಂಗಿನಕಾಯಿ ಒಡೆದರು, ಆಕೆ ಬಟನ್ ಒತ್ತಿದಳು. ಮೊದಲು ಬೂಸ. ಮೇಲಿನ ಕೊಳವೆಯಿಂದ ಹಾಪರಿಗೆ ಜರ್ರನೆ ಬೀಳತೊಡಗಿತು. ನೂರು ಕೇಜಿ ದಾಟಿತು, ಇನ್ನೂರು ದಾಟಿತು. ಈಗ ಹೇಳಬೇಕು, ಈಗ ಹೇಳಬೇಕು ಅಂದುಕೊಂಡೆ. ಇನ್ನೊಂದು ಚೂರು ಆಗಲಿ, ಎಲ್ಲರಿಗೂ ಕಾಣಲಿ ಅಂತ ತಡೆದೆ. ಹಾಪರು ಹಿಡಿಯುವುದೇ ಮುನ್ನೂರು. ತುಂಬಿದರೆ ತಾನಾಗಿ ನಿಲ್ಲಿಸುವ ಸ್ವಿಚ್ಚಿಗೆ ಮಿಲ್ಲಿನವರು ಇನ್ನೂ ವೈರು ಎಳೆದಿರಲಿಲ್ಲ. ಅದು ನನಗೆ ಗೊತ್ತಿರಲಿಲ್ಲ.

ಬೂಸ ಉಕ್ಕಿತು. ಹಾಲು ಉಕ್ಕುವ ಹಾಗೆ ಮೊದಲು ಅಂಚಿಗೆ ಬಂದು ಒಂದು ಗಳಿಗೆ ನಿಂತು, ಆಮೇಲೆ ನಾಲ್ಕೂ ಕಡೆ ಸುರಿಯಿತು. ಧೂಳೋ ಧೂಳು. ಹಾಪರಿನ ಕೆಳಗೆ ಚೀಲದ ಬಾಯಿ ಹೊಲಿಯುತ್ತ ಕೂತಿದ್ದ ಹನುಮಕ್ಕ ಅನ್ನುವ ವಯಸ್ಸಾದ ಹೆಂಗಸು "ಅಯ್ಯಯ್ಯೋ" ಅಂದದ್ದು ಕೇಳಿಸಿತು, ಆಮೇಲೆ ಬರೀ ಕೆಮ್ಮು.

ನಾನು ನಿಂತಲ್ಲೇ ನಿಂತಿದ್ದೆ. ಸುವರ್ಣಾ ಓಡಿದಳು. ಗೋಡೆಯ ಮೇಲಿನ ಕೆಂಪು ಬಟನ್ ಗುದ್ದಿ ಯಂತ್ರ ನಿಲ್ಲಿಸಿ, ಮುಖಕ್ಕೆ ಸೆರಗು ಕಟ್ಟಿಕೊಂಡು ಆ ಧೂಳಿನೊಳಗೆ ನುಗ್ಗಿದಳು. ಸೊಂಟದವರೆಗೆ ಬೂಸದಲ್ಲಿ ಹೂತುಹೋಗಿದ್ದ ಹನುಮಕ್ಕನನ್ನು ಕಂಕುಳಿಗೆ ಕೈ ಹಾಕಿ ಎಳೆದುಕೊಂಡು ಬಂದಳು. ಮುದುಕಿಗೆ ಮೊದಲೇ ಉಬ್ಬಸವಂತೆ. ಹೊರಗೆ ಹುಣಸೇಮರದ ಕೆಳಗೆ ಕೂರಿಸಿ, ನೀರು ಕುಡಿಸಿ, ಬೆನ್ನು ನೀವಿ, ಆಕೆಯ ಉಸಿರು ತಹಬಂದಿಗೆ ಬರುವ ತನಕ ಸುವರ್ಣಾ ಅಲ್ಲಿಂದ ಏಳಲಿಲ್ಲ.

ಗೌಡರು ಬಂದು ಕೂಗಾಡಿದರು. "ಏನಮ್ಮಾ ನೀನು? ನೂರು ಕೇಜಿ ಬೀಳೋ ಜಾಗಕ್ಕೆ ಮಿಲ್ಲೇ ಬೀಳಿಸ್ತಿದ್ಯಲ್ಲ! ಮುದುಕಿ ಸತ್ತಿದ್ರೆ ಯಾರು ಹೊಣೆ?"

"ತಪ್ಪಾತ್ರಿ ಗೌಡ್ರ," ಅಂದಳು. ನನ್ನ ಕಡೆ ಕೈ ತೋರಿಸಲಿಲ್ಲ. 'ಈ ಸರ ಇರಬಹುದು ಅಂದಿದ್ರು' ಅಂತ ಹೇಳಬಹುದಿತ್ತು. ಹೇಳಲಿಲ್ಲ.

ಅಷ್ಟರಲ್ಲಿ ಮೂರ್ತಿಯವರ ಫೋನು ಬಂತು, ನನಗೆ. ಗೌಡರು ಆಗಲೇ ದೂರು ಹೇಳಿದ್ದರು. "ನಾಳೆಯಿಂದ ಆಯಮ್ಮನ್ನ ಸೈಟಿಗೆ ಕಳಿಸೋದು ಬೇಡ ರಂಗಾ. ಪ್ರೊಬೇಷನ್ ಮುಗಿಯೋಕೆ ಇನ್ನೆಷ್ಟು ದಿನ ಇದೆ? ಆಮೇಲೆ ನೋಡೋಣ. ಆ ಕೆಲಸ ನೀನೇ ಮುಗಿಸು."

ನಾನು ಬಯಸಿದ್ದೆಲ್ಲ ಒಂದೇ ಫೋನಿನಲ್ಲಿ ಬಂದಿತ್ತು. "ಆಯ್ತು ಸಾರ್," ಅಂದೆ. ಹುಣಸೇಮರದ ಕೆಳಗೆ ಹನುಮಕ್ಕ ಇನ್ನೂ ಕೆಮ್ಮುತ್ತಿದ್ದಳು.

ವಾಪಸು ಬರುವಾಗ ಮಾಗಡಿ ರಸ್ತೆಯ ಬಸ್ಸಿನಲ್ಲಿ ಆಕೆ ಮುಂದಿನ ಸೀಟು, ನಾನು ಹಿಂದಿನದು. ಆಕೆಯ ಜಡೆಯ ತುಂಬ ಬೂಸ. ಅಳುತ್ತಿದ್ದಾಳೆ ಅಂದುಕೊಂಡೆ. ಬಗ್ಗಿ ನೋಡಿದರೆ ಅಂಗೈಯಲ್ಲಿ ಪೆನ್ನಿನಿಂದ ಲೆಕ್ಕ ಹಾಕುತ್ತಿದ್ದಳು. ಎರಡು ಸ್ಟಾಪು ದಾಟುವಷ್ಟರಲ್ಲಿ ತಟ್ಟನೆ ಹಿಂದಕ್ಕೆ ತಿರುಗಿದಳು. ಕಣ್ಣು ಕೆಂಪಾಗಿತ್ತು, ಮುಖ ಬೆಳಗುತ್ತಿತ್ತು.

"ಸರ, ನಾಕ್ ಪಟ್ಟ್ರಿ! ನೂರಕ್ಕ ನಾನೂರು. ಉಪ್ಪು ಎರಡೂವರಿ ಇರಬೇಕು, ಅದಕ್ಕ ಹತ್ತು ಬಂದೈತಿ. ಆ ಎಂಟು ಮನಿಯೊಳಗ ಎರಡು ಜಾಸ್ತಿ ಕುಂತಾವು. ಎರಡು ಕಳದ್ರ ಮುಗೀತು!"

ನನಗೆ ನಂಜುಂಡಯ್ಯನವರು ಹೇಳಿಕೊಡಬೇಕಾಗಿ ಬಂದ ಗುಟ್ಟನ್ನು ಆಕೆ ಓಡುವ ಬಸ್ಸಿನಲ್ಲಿ, ಬೈಗುಳ ತಿಂದ ಬಾಯಲ್ಲಿ, ಅಂಗೈ ಮೇಲೆ ಕಂಡುಕೊಂಡಿದ್ದಳು. ನೀವು ನಂಬುವುದಿಲ್ಲ, ಆ ಹೊತ್ತಿನಲ್ಲೂ, ಒಬ್ಬ ಮುದುಕಿಯ ಉಸಿರು ನಿಲ್ಲಿಸುವುದರಲ್ಲಿದ್ದೆ ಅಂತ ಗೊತ್ತಿದ್ದೂ, ನನಗೆ ಮೊದಲು ಆದದ್ದು ಹೊಟ್ಟೆಯುರಿ. ನಾಚಿಕೆ ಆಮೇಲೆ ಬಂತು. ಬಂದಾಗ ಮಾತ್ರ ಪೂರ್ತಿ ಬಂತು.

"ಸುವರ್ಣಾ ಅವರೇ," ಅಂದೆ. ಹಾಗೆ ಕರೆದದ್ದು ಅದೇ ಮೊದಲು. "ಅದು ನಂಗೆ ಗೊತ್ತಿತ್ತು."

"ಈಗ ಗೊತ್ತಾತೇನ್ರಿ?"

"ಇಲ್ಲ. ನೀವು ಕೇಳಿದ ದಿನಾನೇ ಗೊತ್ತಿತ್ತು. ನೂರು ಅಂತ ಗೊತ್ತಿದ್ದೇ ಇರಬಹುದು ಅಂದೆ."

ಆಕೆ ನನ್ನನ್ನೇ ನೋಡಿದಳು. ಕಂಡಕ್ಟರು ಟಿಕೆಟ್ ಟಿಕೆಟ್ ಅಂತ ಬಂದು ಹೋದರು.

"ಯಾಕ್ರಿ?" ಅಂದಳು.

ಯಾಕೆ ಅಂತ ಹೇಳಲಿ? ರೊಟ್ಟಿಗಾಗಿ ಅನ್ನಲೇ? ಮೂರ್ತಿಯವರು 'ಅವರೇ' ಅಂತ ಕರೆದದ್ದಕ್ಕಾಗಿ ಅನ್ನಲೇ? "ಹೊಟ್ಟೆಕಿಚ್ಚಿಗೆ," ಅಂದೆ. ಹೆಂಡತಿಗೆ ಹೇಳದ ಮಾತನ್ನು ಬಸ್ಸಿನಲ್ಲಿ ಹೇಳಿದೆ.

ಆಕೆ ಅಂಗೈ ಮಡಚಿಕೊಂಡಳು. "ನನಗ ಹೇಳಿ ಏನ್ ಮಾಡ್ತೀರಿ? ಮೂರ್ತಿ ಸರಗ ಹೇಳ್ರಿ. ಆ ಹನುಮಕ್ಕಗ ಹೇಳ್ರಿ," ಅಂದಳು. ತನ್ನ ಸ್ಟಾಪು ಬರುವ ಮುಂಚೆಯೇ ಎದ್ದು, ಬಾಗಿಲ ಹತ್ತಿರ ಹೋಗಿ ನಿಂತಳು.

ಮರುದಿನ ಮೂರ್ತಿಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯುತ್ತಾರೆ ಅಂದುಕೊಂಡೆ. "ಹದಿನೆಂಟು ವರ್ಷ ನಿನ್ನ ಮಾತನ್ನ ಇನ್ನೊಂದು ಸಲ ಚೆಕ್ ಮಾಡಿರ್ಲಿಲ್ವಲ್ಲೋ ನಾನು," ಅಂದರು. ಅಷ್ಟೇ. ಬೈದಿದ್ದರೆ ವಾಸಿಯಾಗಿತ್ತು. ಮಿಲ್ಲಿನ ಕೆಲಸ ಮತ್ತೆ ಆಕೆಗೇ ಹೋಯಿತು. ಪ್ರೊಬೇಷನ್ನೂ ಅವತ್ತೇ ಮುಗಿದು ಕೆಲಸ ಕಾಯಂ ಆಯಿತು. ಹಳೇ ಕಂಟ್ರೋಲರ್ ಬದಲಿಸುವ ಕೆಲಸಕ್ಕೆಲ್ಲ ಇನ್ನು ಮೇಲೆ ಆಕೆಯೇ ಮುಖ್ಯಸ್ಥೆ. ನನಗೆ ವೈರಿಂಗ್ ಪರೀಕ್ಷೆ.

ಹನುಮಕ್ಕನ ಹತ್ತಿರವೂ ಹೋದೆ. ಒಂದು ಚೀಲ ಮೂಸಂಬಿ ಹಿಡಿದುಕೊಂಡು, ಮೂವತ್ತೆರಡು ಮನೆಯ ಕಥೆಯನ್ನೆಲ್ಲ ಬಿಟ್ಟು, "ಅವತ್ತಿನ ತಪ್ಪು ಆಯಮ್ಮಂದಲ್ಲಮ್ಮಾ, ನಂದು. ಗೊತ್ತಿದ್ದೂ ಸುಮ್ಮನಿದ್ದೆ," ಅಂದೆ. ಆಕೆ ಮೂಸಂಬಿ ಮೂಸಿ ನೋಡಿ ಪಕ್ಕಕ್ಕಿಟ್ಟು, "ಸುಮ್ಕಿರೋರ ತಾವ ಕೂತ್ಕಂಡ್ರೆ ಹಿಂಗೇಯ, ಬುಡು," ಅಂದು ಚೀಲ ಹೊಲಿಯುವುದಕ್ಕೆ ತೊಡಗಿದಳು. ಅದು ಕ್ಷಮೆಯೋ ಅಲ್ಲವೋ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಸುವರ್ಣಾ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತು ನಿಲ್ಲಿಸಿದಳು. ಊಟಕ್ಕೆ ಡಬ್ಬಿ ಎಲ್ಲರ ಮುಂದೆ ಹೋಗುತ್ತಿತ್ತು, ನನ್ನ ಮುಂದೆಯೂ ಬರುತ್ತಿತ್ತು. ಆದರೆ ಆಗ ಆಕೆಯ ಕಣ್ಣು ಬೇರೆ ಎಲ್ಲೋ ಇರುತ್ತಿತ್ತು. ನಾನು ತೆಗೆದುಕೊಳ್ಳುವುದನ್ನು ಬಿಟ್ಟೆ. ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀರಿ. ಹೋಗಲಿಲ್ಲ. ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ, ನನ್ನದು ಆಗಲಿಲ್ಲ. ಆಕೆ ಮುಗಿಸಿದ ಒಂದೊಂದು ಕೆಲಸಕ್ಕೂ ಒಳಗೆ ಚುರ್ ಅನ್ನುತ್ತಿತ್ತು. ಆದರೆ ಈಗ ಅದಕ್ಕೆ ಗ್ಯಾಸ್ಟ್ರಿಕ್ಕು ಅನ್ನುತ್ತಿರಲಿಲ್ಲ.

ಎರಡು ತಿಂಗಳಾದ ಮೇಲೆ ಕೆಂಗೇರಿ ಕಡೆಯ ಬಟ್ಟೆಗೆ ಬಣ್ಣ ಹಾಕುವ ಒಂದು ಘಟಕದಿಂದ ಹಳೇ ಉಷ್ಣಮಾಪಕವೊಂದು ಬಂತು. ಬಣ್ಣದ ತೊಟ್ಟಿಯ ಕಾವನ್ನು ಹೊಸ ಕಂಟ್ರೋಲರಿಗೆ ಹೇಳಬೇಕಾದದ್ದು. ಎಂಬತ್ತು ಡಿಗ್ರಿ ಇರುವಾಗ ಅದು ಏನೇನೋ ಬಡಬಡಿಸುತ್ತಿತ್ತು. ಸುವರ್ಣಾ ಎರಡು ದಿನ ಕೂತಳು. ಕ್ರಮ ಬದಲಿಸಿದಳು, ಕಳೆದಳು, ಕೂಡಿದಳು. ಆಗಲಿಲ್ಲ. ಮೂರನೇ ದಿನ ಊಟವಾದ ಮೇಲೆ ಶೆಡ್ಡಿನಲ್ಲಿ ಎಲ್ಲರೂ ಇರುವಾಗ, ಪರದೆಯಿಂದ ಕಣ್ಣು ತೆಗೆಯದೆ ಕರೆದಳು.

"ಸರ, ಒಂಚೂರು ಬರ್ರಿ ಇಲ್ಲೆ. ಇದು ನನಗ ತಿಳೀವಲ್ದು."

ನನ್ನೊಳಗೆ ಆಗ ಎದ್ದು ಕೂತವನು ಯಾರು ಅಂತ ನಿಮಗೆ ಗೊತ್ತು. ಅಂತೂ ಬಂತಲ್ಲ ನನ್ನ ಹತ್ತಿರಕ್ಕೆ ಅಂತ ಎದೆ ಉಬ್ಬಿತು. ಹೋಗಿ ಆಕೆಯ ಹಿಂದೆ ನಿಂತು ಪರದೆ ನೋಡಿದೆ. ಸಾಲನ್ನು ಎಡದಿಂದ ನೋಡಿದೆ, ಬಲದಿಂದ ನೋಡಿದೆ. ನಂಜುಂಡಯ್ಯನವರು ಹೇಳಿಕೊಟ್ಟದ್ದೆಲ್ಲ ನೆನಪಿಗೆ ತಂದುಕೊಂಡೆ. ತಲೆಬುಡ ತಿಳಿಯಲಿಲ್ಲ. ಇಂಥ ಹೊತ್ತಿಗೆ ನನ್ನ ಹತ್ತಿರ ಒಂದು ಹಳೇ ಮಾತಿತ್ತು: 'ಹ್ಞೂಂ, ಇದು ಬೇರೆ ಜಾತಿ, ನಾಳೆ ನೋಡೋಣ.' ಹದಿನೆಂಟು ವರ್ಷ ಆ ಮಾತಿನಲ್ಲೇ ನನ್ನ ಮರ್ಯಾದೆ ಉಳಿದಿತ್ತು. ನಾಲಗೆಯ ತುದಿಯವರೆಗೂ ಬಂತು.

"ನಂಗೂ ಗೊತ್ತಾಗ್ತಿಲ್ಲಮ್ಮಾ," ಅಂದೆ.

ಪಕ್ಕದ ಮೇಜಿನವರು ತಲೆಯೆತ್ತಿ ನೋಡಿದರು. ಸುವರ್ಣಾಳೂ ತಿರುಗಿ, ಬಸ್ಸಿನ ದಿನದ ನಂತರ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು. ನಾನು ಸುಳ್ಳು ಹೇಳುತ್ತಿದ್ದೇನೋ ಅಂತ ಪರೀಕ್ಷಿಸುವ ನೋಟ ಅದು. ಅದಕ್ಕೆ ಆಕೆಗೆ ಹಕ್ಕಿತ್ತು. ಅಲುಗಾಡದೆ ನಿಂತುಕೊಂಡೆ.

ಆಕೆ ಪಕ್ಕದ ಸ್ಟೂಲಿನ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ನೆಲದ ಮೇಲಿಟ್ಟಳು.

"ಕುಂದರ್ರಿ," ಅಂದಳು. "ಮೊದಲನೇ ಮನಿಯಿಂದ ನೋಡ್ಕೋಂತ ಬರೋಣು."